ಸಿಗರೇಟು, ಬೀಡಿ ಬಿಡಲು ಆಕ್ಯುಪಂಕ್ಚರ್: ಕೋಲಾರದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೋಲಾರದಲ್ಲಿ ಪ್ರಕೃತಿ ಚಿಕಿತ್ಸೆಯ ವೈದ್ಯೆ. ಆಕ್ಯುಪಂಕ್ಚರ್, ಅಂದರೆ ಮೈಯ ಕೆಲವು ಬಿಂದುಗಳಿಗೆ ಸಣ್ಣ ಸೂಜಿ ಚುಚ್ಚುವ ಚಿಕಿತ್ಸೆಯನ್ನೂ ಮಾಡುತ್ತೇನೆ. ಮಂಡಿನೋವು, ಸೊಂಟನೋವು ಅಂತ ಬಂದವರು ಎದ್ದು ಹೊರಡುವಾಗ ದನಿ ತಗ್ಗಿಸಿ "ಸಿಗರೇಟು ಬಿಡಿಸೋಕೂ ಇದನ್ನ ಹಾಕ್ತಾರಂತೆ, ಹೌದಾ ಮೇಡಂ?" ಅಂತ ಕೇಳುವುದು ಮಾಮೂಲು. ಬಂಗಾರಪೇಟೆ, ಮಾಲೂರು, ಮುಳಬಾಗಿಲಿನಿಂದ ವಾಟ್ಸ್‌ಆ್ಯಪ್‌ನಲ್ಲಿ ಬರೆಯುವವರಿದ್ದಾರೆ, ಗಂಡನ ಪರವಾಗಿ ಕೇಳುವ ಹೆಂಗಸರಿದ್ದಾರೆ, ಅಪ್ಪನ ಪರವಾಗಿ ಕೇಳುವ ಮಕ್ಕಳಿದ್ದಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರವರ ಮಾತಲ್ಲೇ ಇಲ್ಲಿ ಕೊಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲ ಸಲ ಕೇಳುವವರಿಗೆ

ಸೂಜಿ ಹಾಕಿಸ್ಕೊಂಡ್ರೆ ಸಿಗರೇಟು ತಾನಾಗೇ ಬಿಟ್ಟುಹೋಗುತ್ತಾ?

ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ನನ್ನ ಕರ್ತವ್ಯ. ಬೇರೆ ಬೇರೆ ದೇಶಗಳಲ್ಲಿ ನಡೆದ 38 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಮರ್ಶೆಯೊಂದು 2014ರಲ್ಲಿ ಬಂತು. ಚಿಕಿತ್ಸೆಗಳ ಮೇಲಿನ ಪ್ರಯೋಗಗಳನ್ನು ಹೀಗೆ ತೂಗಿ ನೋಡುವ ಕಾಕ್ರೇನ್ ಎಂಬ ಸಂಸ್ಥೆಯದು ಅದು. ಆಕ್ಯುಪಂಕ್ಚರ್, ಬೆರಳಿನಿಂದ ಒತ್ತುವ ಆಕ್ಯುಪ್ರೆಶರ್, ಲೇಸರ್, ಕರೆಂಟ್ ಹಾಯಿಸುವ ವಿಧಾನ, ಎಲ್ಲವನ್ನೂ ಅವರು ನೋಡಿದರು. ಮೊದಲ ಕೆಲವು ವಾರ ಸ್ವಲ್ಪ ಅನುಕೂಲವಾದಂತೆ ಕೆಲವು ಪ್ರಯೋಗಗಳಲ್ಲಿ ಕಂಡಿತು. ಆರು ತಿಂಗಳು ದಾಟಿದ ಮೇಲೂ ಬಿಟ್ಟೇ ಇದ್ದಾರೆ, ಅದಕ್ಕೆ ಸೂಜಿಯೇ ಕಾರಣ ಎನ್ನುವಂಥ ಗಟ್ಟಿ ಆಧಾರ ಸಿಗಲಿಲ್ಲ. ನಿಕೋಟಿನ್ ಗಮ್, ಪ್ಯಾಚ್‌ಗಳ ಜೊತೆ ಹೋಲಿಸಿದಾಗ ಸೂಜಿಯೇ ಹಿಂದೆ ಬಿತ್ತು. ಗಮ್ ಬಾಯಲ್ಲಿ ಅಗಿಯುವುದು, ಪ್ಯಾಚ್ ಚರ್ಮಕ್ಕೆ ಅಂಟಿಸುವ ಪಟ್ಟಿ, ಎರಡೂ ಹೊಗೆಯಿಲ್ಲದೆ ಸ್ವಲ್ಪ ಸ್ವಲ್ಪ ನಿಕೋಟಿನ್ ಕೊಡುತ್ತವೆ.

ಹಾಗಿದ್ಮೇಲೆ ನೀವು ಯಾಕೆ ಹಾಕ್ತೀರಿ?

ನ್ಯಾಯವಾದ ಪ್ರಶ್ನೆ. ಬಿಟ್ಟ ಮೊದಲ ಎರಡು ವಾರದಲ್ಲೇ ಹೆಚ್ಚು ಜನ ಸೋಲುತ್ತಾರೆ. ಮೈ ಕೈ ಚಡಪಡಿಸುವ, ಯಾರ ಮೇಲೂ ರೇಗುವ, ನಿದ್ದೆ ಹತ್ತದ ಆ ದಿನಗಳಲ್ಲಿ ಮನುಷ್ಯ ಬಂದು ಕಣ್ಣುಮುಚ್ಚಿ ಅರ್ಧ ಗಂಟೆ ಮಲಗುತ್ತಾನೆ. ಎದ್ದಾಗ ಮೈ ಹಗುರಾಯಿತು ಅನ್ನುತ್ತಾನೆ. ಅಷ್ಟು ಹೊತ್ತು ಜೇಬಿಗೆ ಕೈ ಹೋಗಿರುವುದಿಲ್ಲ. ನಾಳಿದ್ದು ಮತ್ತೆ ಬರಬೇಕು, ಮೇಡಂ ಕೇಳುತ್ತಾರೆ ಎನ್ನುವುದೂ ಮನಸ್ಸಿನಲ್ಲಿರುತ್ತದೆ. ಟೊಮೆಟೊ ಗಿಡಕ್ಕೆ ಊರುವ ಕೋಲಿನಷ್ಟು ಕೆಲಸವನ್ನು ನಾನು ಸೂಜಿಯಿಂದ ನಿರೀಕ್ಷಿಸುತ್ತೇನೆ, ಅದಕ್ಕಿಂತ ಹೆಚ್ಚಿನದನ್ನಲ್ಲ. ಗಮ್, ಆಪ್ತ ಸಲಹೆ, ಮನೆಯವರ ಬೆಂಬಲ, ಇವುಗಳ ಜೊತೆಗೆ ಬರುವುದಾದರೆ ಬನ್ನಿ ಎನ್ನುತ್ತೇನೆ. ಸೂಜಿ ಒಂದೇ ಸಾಕು ಎನ್ನುವವರಿಗೆ ಮೊದಲು ಗಮ್ಮಿನ ವಿಷಯ ಹೇಳಿಯೇ ಕಳಿಸುತ್ತೇನೆ.

ನೋವಾಗುತ್ತಾ? ಇಂಜೆಕ್ಷನ್ ಥರಾನಾ?

ಇಂಜೆಕ್ಷನ್ ಸೂಜಿ ಟೊಳ್ಳು, ಅದರೊಳಗೆ ಔಷಧಿ ಹರಿಯಬೇಕು. ಆಕ್ಯುಪಂಕ್ಚರ್ ಸೂಜಿ ಗಟ್ಟಿ ತಂತಿ. ಕಿವಿಗೆ ಹಾಕುವುದು ಸುಮಾರು 0.2 ಮಿಲಿಮೀಟರ್ ದಪ್ಪದ್ದು. ಅದರಲ್ಲಿ ಔಷಧಿ ಇರುವುದಿಲ್ಲ, ಏನನ್ನೂ ಒಳಗೆ ಬಿಡುವುದಿಲ್ಲ. ಕೈಗೆ ಹಾಕಿದಾಗ ಇರುವೆ ಕಚ್ಚಿದಷ್ಟು ಗೊತ್ತಾಗಿ ಆಮೇಲೆ ಜುಮ್ಮೆನ್ನುತ್ತದೆ, ಇಲ್ಲವೇ ಭಾರ ಅನ್ನಿಸುತ್ತದೆ. ಕಿವಿಯಲ್ಲಿ ಚುರುಕ್ ಅನ್ನುವುದು ಸ್ವಲ್ಪ ಜಾಸ್ತಿ, ಒಂದೆರಡು ನಿಮಿಷಕ್ಕೆ ಕಿವಿ ಬಿಸಿಯೇರುತ್ತದೆ. ಸೂಜಿ ತೆಗೆದಾಗ ಸಾಸಿವೆ ಕಾಳಿನಷ್ಟು ರಕ್ತ ಬಂದರೆ ಹತ್ತಿ ಒತ್ತಿ ಹಿಡಿದರೆ ನಿಲ್ಲುತ್ತದೆ.

ಖಾಲಿ ಹೊಟ್ಟೆಯಲ್ಲಿ ಮಾತ್ರ ಬರಬೇಡಿ. ಬೆಳಗಿನ ಟ್ರೈನಿಗೆ ಬೆಂಗಳೂರಿಗೆ ಹೋಗಿ ಸಂಜೆ ಏನೂ ತಿನ್ನದೆ ನೇರ ಬರುವವರಿಗೆ ತಲೆ ಸುತ್ತಿ ಬವಳಿ ಬರುವ ಸಂಭವ ಹೆಚ್ಚು. ಎರಡು ಇಡ್ಲಿ ತಿಂದು ಬನ್ನಿ.

ಸಿಗರೇಟಿಗೆ ಕಿವಿಗೇ ಯಾಕೆ ಹಾಕೋದು?

ಕಿವಿಯ ಮೇಲೆ ಇಡೀ ದೇಹದ ನಕ್ಷೆ ಇದೆ ಎಂಬ ಕಲ್ಪನೆಯನ್ನು 1950ರ ದಶಕದಲ್ಲಿ ಬೆಳೆಸಿದವರು ಫ್ರಾನ್ಸಿನ ವೈದ್ಯ ಪಾಲ್ ನೋಜಿಯೆ. ಚಟಕ್ಕೆ ಇದು ಅಂಟಿಕೊಂಡದ್ದು 1970ರ ದಶಕದ ಆರಂಭದಲ್ಲಿ, ಹಾಂಗ್‌ಕಾಂಗ್‌ನಲ್ಲಿ. ಅಲ್ಲಿ ಎಚ್.ಎಲ್. ವೆನ್ ಎಂಬ ಶಸ್ತ್ರವೈದ್ಯರು ಶಸ್ತ್ರಚಿಕಿತ್ಸೆಯ ನೋವಿಗೆಂದು ಸೂಜಿಗೆ ಕರೆಂಟ್ ಹಾಯಿಸುತ್ತಿದ್ದಾಗ, ಅಫೀಮು ಚಟವಿದ್ದ ರೋಗಿಗಳಿಗೆ ಚಟದ ಸಂಕಟವೂ ಇಳಿದದ್ದನ್ನು ಗಮನಿಸಿದರು. ಆಮೇಲೆ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿರುವ ಲಿಂಕನ್ ಆಸ್ಪತ್ರೆಯಲ್ಲಿ ಕಿವಿಯ ಐದು ಬಿಂದುಗಳ ಪದ್ಧತಿ ಗಟ್ಟಿಯಾಯಿತು. 1985ರಲ್ಲಿ ಅದನ್ನು ಕಲಿಸಲು ನಾಡಾ ಎಂಬ ಸಂಸ್ಥೆಯೂ ಹುಟ್ಟಿತು. ಈಗ ಹೊಗೆ ಬಿಡಿಸಲು ಹೆಚ್ಚಿನವರು ಬಳಸುವುದು ಆ ಐದು ಬಿಂದುಗಳನ್ನೇ. ಜೊತೆಗೆ ಮಣಿಕಟ್ಟಿನ ಹತ್ತಿರ ಹೆಬ್ಬೆರಳ ಕಡೆಗಿರುವ ಒಂದು ಬಿಂದುವನ್ನೂ ಕೆಲವರು ಸೇರಿಸುತ್ತಾರೆ.

ಎಷ್ಟು ಸಲ ಬರಬೇಕು? ಒಟ್ಟಿಗೆ ದುಡ್ಡು ಕಟ್ಟಿಬಿಡ್ಲಾ?

ನಾನು ಹೇಳುವುದು ಹೀಗೆ: ಬಿಡುವ ದಿನ ಒಂದು ಸಲ, ಮೊದಲ ವಾರ ದಿನ ಬಿಟ್ಟು ದಿನ, ಆಮೇಲೆ ಮೂರ್ನಾಲ್ಕು ವಾರ ವಾರಕ್ಕೊಮ್ಮೆ. ಒಂದು ಸಲಕ್ಕೆ 20ರಿಂದ 40 ನಿಮಿಷ ಹಿಡಿಯುತ್ತದೆ. ಇಷ್ಟೇ ಸಲ ಎಂದು ಯಾವ ಶಾಸ್ತ್ರವೂ ಖಚಿತವಾಗಿ ಹೇಳಿಲ್ಲ, ಪ್ರಯೋಗಗಳಲ್ಲೂ ಒಬ್ಬೊಬ್ಬರದು ಒಂದೊಂದು ಲೆಕ್ಕ.

ಮುಂಗಡ ಪ್ಯಾಕೇಜಿಗೆ ದುಡ್ಡು ಕಟ್ಟಬೇಡಿ. ಬಂದ ದಿನದ್ದು ಬಂದ ದಿನ ಕೊಡಿ. ಮೂರು ಸಲ ಬಂದಮೇಲೂ ಏನೂ ಅನ್ನಿಸಲಿಲ್ಲವಾದರೆ ನಿಲ್ಲಿಸಿ, ಆ ದುಡ್ಡಿನಲ್ಲಿ ಗಮ್ ತಗೊಳ್ಳಿ. ಸಾಲ ಮಾಡಿ ಸೂಜಿ ಹಾಕಿಸಿಕೊಳ್ಳಲು ಬಂದವರನ್ನು ನೋಡಿದ್ದೇನೆ, ಅದು ಖಂಡಿತ ಬೇಡ.

## ಬಿಡುವ ದಿನ, ಬಿಟ್ಟ ಮೇಲಿನ ದಿನ

ಸೇದ್ತಾ ಇರುವಾಗ್ಲೇ ಸೂಜಿ ಶುರು ಮಾಡ್ಬೋದಾ, ಬಿಟ್ಟ ಮೇಲಾ?

ಮೊದಲು ಒಂದು ತಾರೀಕು ಇಟ್ಟುಕೊಳ್ಳಿ. ಎರಡು ವಾರದೊಳಗೇ ಇರಲಿ. ಯುಗಾದಿ ಆಗಲಿ, ಮಗಳ ಮದುವೆ ಮುಗಿಯಲಿ ಎಂದು ದೂಡಿದರೆ ಅದು ದೂಡುತ್ತಲೇ ಹೋಗುತ್ತದೆ. ಹಿಂದಿನ ರಾತ್ರಿ ಮನೆ, ಬೈಕಿನ ಡಿಕ್ಕಿ, ಅಂಗಡಿಯ ಗಲ್ಲಾ, ಎಲ್ಲಿ ಪ್ಯಾಕು, ಬೀಡಿ ಕಟ್ಟು, ಲೈಟರ್ ಇದೆಯೋ ತೆಗೆದು ಬಿಸಾಡಿ. ಮಾರನೆ ದಿನ ಸೂಜಿಗೆ ಬನ್ನಿ. ಸೇದುತ್ತಲೇ ಸೂಜಿ ಹಾಕಿಸಿಕೊಂಡು "ಆಸೆ ಯಾವಾಗ ಹೋಗುತ್ತೋ ಆವಾಗ ಬಿಡ್ತೀನಿ" ಎಂದು ಕಾಯುವವರು ಬಿಡುವುದನ್ನು ನಾನು ಕಂಡದ್ದು ಕಡಿಮೆ.

ಬಿಟ್ಟ ಮೂರನೇ ದಿನ ತಲೆ ಕೆಟ್ಟೋಗುತ್ತೆ, ಮಕ್ಕಳ ಮೇಲೆಲ್ಲ ಕೂಗಾಡ್ತೀನಿ. ಇದು ಎಷ್ಟು ದಿನ?

ನಿಮ್ಮ ಸ್ವಭಾವ ಕೆಟ್ಟಿತು ಅಂದುಕೊಳ್ಳಬೇಡಿ, ನಿಕೋಟಿನ್ ಇಳಿಯುವಾಗ ಎಲ್ಲರಿಗೂ ಹೀಗೇ. ಒಂದು ದಮ್ಮು ಎಳೆದ 10ರಿಂದ 20 ಸೆಕೆಂಡಿಗೆ ನಿಕೋಟಿನ್ ಮಿದುಳು ಮುಟ್ಟುತ್ತದೆ. ಸುಮಾರು ಎರಡು ಗಂಟೆಗೆ ರಕ್ತದಲ್ಲಿ ಅದು ಅರ್ಧಕ್ಕಿಳಿಯುತ್ತದೆ, ಅದಕ್ಕೇ ಕೈ ಮತ್ತೆ ಮತ್ತೆ ಪ್ಯಾಕಿಗೆ ಹೋಗುವುದು. ಪೂರ್ತಿ ನಿಲ್ಲಿಸಿದಾಗ ಸಿಟ್ಟು, ಚಡಪಡಿಕೆ, ಮಂಕು, ಹಸಿವು, ಮಲಬದ್ಧತೆ, ನಿದ್ದೆಗೇಡು ಮೊದಲ ದಿನವೇ ಶುರುವಾಗಿ ಎರಡನೇ, ಮೂರನೇ ದಿನ ಜೋರಾಗುತ್ತದೆ. ಆಮೇಲೆ ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಹಸಿವು ಮಾತ್ರ ಇನ್ನೂ ಸ್ವಲ್ಪ ದಿನ ಉಳಿಯಬಹುದು.

ಇಷ್ಟನ್ನು ಮನೆಯವರಿಗೆ ಮೊದಲೇ ಹೇಳಿ. "ಈ ವಾರ ನಾನು ರೇಗಿದರೆ ಮನಸ್ಸಿಗೆ ಹಚ್ಕೋಬೇಡ" ಎಂದು ಹೆಂಡತಿಗೆ ಹೇಳಿದ ಮನೆಯಲ್ಲೂ ಹೇಳದ ಮನೆಯಲ್ಲೂ ಆಗುವ ವ್ಯತ್ಯಾಸ ನನ್ನ ಕಣ್ಣೆದುರಿಗಿದೆ. ಹೇಳದ ಮನೆಯಲ್ಲಿ ನಾಲ್ಕನೇ ದಿನ ಹೆಂಡತಿಯೇ "ಹೋಗ್ಲಿ, ಒಂದು ಸೇದಿ ಬಂದ್ಬಿಡ್ರಿ" ಅಂದುಬಿಡುತ್ತಾಳೆ. ಅವಳದು ತಪ್ಪಲ್ಲ, ಅವಳಿಗೆ ಯಾರೂ ಹೇಳಿರಲಿಲ್ಲ.

ಸೇದಬೇಕೆನ್ನುವ ಹಪಹಪಿ ಬಂದಾಗ ಗಡಿಯಾರ ನೋಡಿ. ಅದು ಹೆಚ್ಚಿನವರಿಗೆ ಐದಾರು ನಿಮಿಷ ಇದ್ದು ಇಳಿಯುತ್ತದೆ. ಆ ಹೊತ್ತು ದಾಟಿಸಿದರೆ ಸಾಕು. ನೀರು ಕುಡಿಯಿರಿ, ಜಾಗ ಬಿಟ್ಟು ಏಳಿ, ಉದ್ದಕ್ಕೆ ಉಸಿರೆಳೆದು ಬಿಡಿ, ಯಾರಿಗಾದರೂ ಫೋನ್ ಮಾಡಿ.

ಟೀ ಕುಡಿದ ತಕ್ಷಣ ಸೇದ್ಬೇಕು ಅನ್ಸುತ್ತೆ. ಟೀನೂ ಬಿಡ್ಬೇಕಾ?

ಟೀ ಬಿಡಬೇಡಿ, ಟೀ ಅಂಗಡಿ ಬಿಡಿ. ಒಂದು ತಿಂಗಳ ಮಟ್ಟಿಗೆ. ನರಸಾಪುರದ ಕಾರ್ಖಾನೆಗಳಲ್ಲಿ ಪಾಳಿ ಕೆಲಸ ಮಾಡುವ ಹುಡುಗರು ಗೇಟಿನಾಚೆ ಗುಂಪಾಗಿ ನಿಂತು ಒಂದು ಕೈಲಿ ಲೋಟ, ಒಂದು ಕೈಲಿ ಸಿಗರೇಟು ಹಿಡಿಯುತ್ತಾರೆ. ವರ್ಷಗಟ್ಟಲೆ ಜೋಡಿಯಾಗಿ ಬಂದದ್ದನ್ನು ಮೈ ಒಟ್ಟಿಗೇ ಕೇಳುತ್ತದೆ. ಒಳಗೆ ಕ್ಯಾಂಟೀನಿನಲ್ಲೇ ಕೂತು ಕುಡಿಯಿರಿ, ಲೋಟವನ್ನು ಸಿಗರೇಟು ಹಿಡಿಯುತ್ತಿದ್ದ ಕೈಯಲ್ಲೇ ಹಿಡಿಯಿರಿ.

ಮಾರ್ಕೆಟ್ಟಲ್ಲಿ ರಾತ್ರಿ ಲೋಡ್ ಎತ್ತೋನು ನಾನು. ಬೀಡಿ ಇಲ್ದೆ ಕಣ್ಣು ತೆರೆಯೋಕೇ ಆಗಲ್ಲ ಡಾಕ್ಟ್ರೇ.

ಟೊಮೆಟೊ ಸೀಸನ್ನಿನಲ್ಲಿ ನಮ್ಮ ಎಪಿಎಂಸಿಯ ಹಮಾಲರು ಹೊತ್ತು ಗೊತ್ತಿಲ್ಲದೆ ದುಡಿಯುವವರು. 15 ಕೆಜಿಯ ಬಾಕ್ಸುಗಳನ್ನು ಒಂದರ ಮೇಲೊಂದು ಲಾರಿಗೆ ಏರಿಸುವುದು, ನಡುವೆ ಸಿಕ್ಕ ಐದು ನಿಮಿಷದಲ್ಲಿ ಬೀಡಿ ಹಚ್ಚುವುದು. ಆ ಐದು ನಿಮಿಷ ವಿಶ್ರಾಂತಿ ಬೇಕೇ ಬೇಕು, ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಬೀಡಿ ಹಚ್ಚಿದವನಿಗೆ ಮಾತ್ರ ಮೇಸ್ತ್ರಿ ಬಿಡುವು ಕೊಡುತ್ತಾನೆ, ಸುಮ್ಮನೆ ಕೂತವನನ್ನು "ಏನೋ ಕೂತ್ಕೊಂಡೆ" ಅನ್ನುತ್ತಾನೆ ಎಂದು ಒಬ್ಬರು ನನಗೆ ಹೇಳಿದ್ದರು. ಇಂಥ ಕಡೆ ಬಿಡುವುದು ಒಬ್ಬನ ಮನೋಬಲದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಮೇಸ್ತ್ರಿಗೆ, ಜೊತೆಯವರಿಗೆ ಬಾಯಿಬಿಟ್ಟು ಹೇಳಿ: "ನಾನು ಬಿಡ್ತಾ ಇದೀನಿ, ನನಗೆ ಕೊಡಬೇಡ್ರಪ್ಪಾ." ಒಬ್ಬ ಜೊತೆಗಾರನೂ ಬಿಡುವುದಾದರೆ ಇನ್ನೂ ಒಳ್ಳೆಯದು.

ನಿಕೋಟಿನ್ ಸ್ವಲ್ಪ ಹೊತ್ತು ಎಚ್ಚರ ಕೊಡುತ್ತದೆ, ನಿಜ. ಆದರೆ ಅದರ ಜೊತೆ ಬರುವ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ, ಭಾರ ಎತ್ತುವವನಿಗೆ ಬೇಗ ಏದುಸಿರು ಬರುವುದಕ್ಕೆ ಅದೂ ಕಾರಣ. ಬಿಟ್ಟ ಒಂದೆರಡು ದಿನದಲ್ಲೇ ಅದು ರಕ್ತದಿಂದ ಹೋಗುತ್ತದೆ. ರಾತ್ರಿ ಕೆಲಸಕ್ಕೆ ಹೋಗುವ ಮುಂಚೆ ಸಂಜೆ ಎರಡು ಗಂಟೆ ನಿದ್ದೆ ಮಾಡಿ. ಜೇಬಿನಲ್ಲಿ ಹುರಿಗಡಲೆ, ಸೋಂಪು ಇರಲಿ. ಬೀಡಿ ಹಚ್ಚುವ ಹೊತ್ತಿಗೆ ಗಮ್ ಹಾಕಿಕೊಳ್ಳಿ. ಸೂಜಿಗೆ ಬರುವುದಾದರೆ ಸಂಜೆ ಕೆಲಸಕ್ಕೆ ಹೋಗುವ ಮೊದಲು ಬನ್ನಿ.

ಕಿವಿಗೆ ಅಂಟಿಸಿ ಕಳಿಸ್ತಾರಲ್ಲ, ಆ ಕಾಳು ಏನು?

ಒಂದು ಬಗೆಯ ಗಿಡದ ಚಿಕ್ಕ ಬೀಜ, ಇಲ್ಲವೇ ಲೋಹದ ಗುಂಡು. ಪ್ಲಾಸ್ಟರಿನಿಂದ ಕಿವಿಯ ಬಿಂದುವಿನ ಮೇಲೆ ಅಂಟಿಸುತ್ತಾರೆ. ಹಪಹಪಿ ಬಂದಾಗ ಬೆರಳಲ್ಲಿ ಒತ್ತಬೇಕು. ಚುಚ್ಚುವುದಿಲ್ಲವಾದ್ದರಿಂದ ಅಪಾಯ ಕಡಿಮೆ. ಮೂರ್ನಾಲ್ಕು ದಿನಕ್ಕೆ ತೆಗೆದುಬಿಡಿ, ನೆನೆದರೆ ಬೇಗ ತೆಗೆಯಿರಿ. ಸಿಗರೇಟಿಗೆ ಹೋಗುತ್ತಿದ್ದ ಕೈ ಕಿವಿಗೆ ಹೋಗುವುದೇ ಇದರ ದೊಡ್ಡ ಲಾಭ ಎಂದು ನನಗನ್ನಿಸುತ್ತದೆ.

ಬೀಡಿ ಎಲೆಯದಲ್ವಾ? ಸಿಗರೇಟಿನಷ್ಟು ಕೆಟ್ಟದ್ದಲ್ಲ ಅಂತಾರೆ.

ತಪ್ಪು ತಿಳಿವಳಿಕೆ. ಬೀಡಿಯ ಎಲೆ ಸಿಗರೇಟಿನ ಕಾಗದದಂತೆ ಗಾಳಿಯಾಡುವುದಿಲ್ಲ, ಫಿಲ್ಟರೂ ಇಲ್ಲ. ಆರಿಹೋಗದಂತೆ ಇಡಲು ಮೇಲಿಂದ ಮೇಲೆ, ಜೋರಾಗಿ ಎಳೆಯಬೇಕು. ಒಳಗಿರುವ ತಂಬಾಕು ಕಡಿಮೆಯಾದರೂ ಟಾರ್, ಕಾರ್ಬನ್ ಮಾನಾಕ್ಸೈಡ್ ಧಾರಾಳವಾಗಿ ಎದೆಗೆ ಇಳಿಯುತ್ತದೆ. 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ಸಿಗರೇಟು ಸೇದುವವರು ಶೇ. 4, ಬೀಡಿ ಸೇದುವವರು ಶೇ. 7.7. ಹಾಗಿದ್ದೂ ಬೀಡಿ ಸೇದುವವರು "ನಂದೇನು ಬಿಡಿ, ಬರೀ ಬೀಡಿ" ಎಂದು ಸಹಾಯ ಕೇಳಲು ಹಿಂಜರಿಯುತ್ತಾರೆ. ಈ ಪುಟದಲ್ಲಿರುವುದೆಲ್ಲ ನಿಮಗೂ ಅನ್ವಯಿಸುತ್ತದೆ.

ನಮ್ಮಮ್ಮ ಎಲೆ ಅಡಿಕೆ ಜೊತೆ ಕಡ್ಡಿಪುಡಿ ಹಾಕ್ತಾರೆ. ಅದಕ್ಕೂ ಸೂಜಿ ಇದೆಯಾ?

ಹಾಕಬಹುದು, ಆದರೆ ಅದಕ್ಕಿಂತ ಮೊದಲು ಅಮ್ಮನ ಬಾಯಿ ತೋರಿಸಿ. ಕೆನ್ನೆಯ ಒಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಮೂರು ವಾರಕ್ಕೂ ಮಾಯದ ಹುಣ್ಣು, ಖಾರ ಮುಟ್ಟಿಸಲಾಗದ ಉರಿ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಇದರಲ್ಲಿ ಯಾವುದಿದ್ದರೂ ಈ ವಾರವೇ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗಕ್ಕೆ ಕರೆದುಕೊಂಡು ಹೋಗಿ.

## ಗಮ್, ಮಾತ್ರೆ, ಫೋನು

ಗಮ್ ಅಗಿದ್ರೆ ಹೊಟ್ಟೆ ಉರಿ, ಬಿಕ್ಕಳಿಕೆ. ಅದಕ್ಕೇ ಸೂಜಿಗೆ ಬಂದೆ.

ಹೀಗೆ ಬರುವವರಲ್ಲಿ ಹೆಚ್ಚಿನವರು ಗಮ್ಮನ್ನು ಮಾಮೂಲಿ ಚೂಯಿಂಗ್ ಗಮ್ಮಿನಂತೆ ಅಗಿದಿರುತ್ತಾರೆ. ನಿಕೋಟಿನ್ ಹೊಟ್ಟೆಗೆ ಹೋಗಬಾರದು, ಕೆನ್ನೆಯ ಒಳಪದರದಿಂದ ಹೀರಿಕೊಳ್ಳಬೇಕು. ನಿಧಾನವಾಗಿ ಅಗಿಯಿರಿ. ಖಾರ ಅಥವಾ ಚುರುಚುರು ಅನ್ನಿಸಿದ ಕೂಡಲೇ ನಿಲ್ಲಿಸಿ, ವಸಡು ಮತ್ತು ಕೆನ್ನೆಯ ನಡುವೆ ಒತ್ತರಿಸಿ ಇಡಿ. ಚುರುಚುರು ಇಳಿದ ಮೇಲೆ ಮತ್ತೆ ಎರಡು ಮೂರು ಸಲ ಅಗಿದು ಇನ್ನೊಂದು ಕಡೆ ಇಡಿ. ಹೀಗೆ ಅರ್ಧ ಗಂಟೆ. ಗಮ್ ಹಾಕುವ ಕಾಲು ಗಂಟೆ ಮುಂಚೆಯಿಂದ ಕಾಫಿ, ನಿಂಬೆ ಪಾನಕ, ಸೋಡಾ ಬೇಡ, ಬಾಯಿ ಹುಳಿಯಾದರೆ ನಿಕೋಟಿನ್ ಹೀರುವುದಿಲ್ಲ.

ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ 4 ಮಿಲಿಗ್ರಾಂ ಬೇಕಾಗುತ್ತದೆ, ಉಳಿದವರಿಗೆ 2 ಮಿಲಿಗ್ರಾಂ ಸಾಕು. 2 ಮಿಲಿಗ್ರಾಂ ಗಮ್ ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ದಿನಕ್ಕೆ ಒಂದೋ ಎರಡೋ ಅಗಿದು "ಕೆಲಸ ಮಾಡ್ಲಿಲ್ಲ" ಎನ್ನಬೇಡಿ. ಮೊದಲ ವಾರಗಳಲ್ಲಿ ಎಂಟು ಹತ್ತು ಬೇಕಾಗುವುದು ಸಹಜ, ಎರಡು ಮೂರು ತಿಂಗಳಲ್ಲಿ ಇಳಿಸುತ್ತಾ ಬರಬೇಕು.

ಗಮ್, ಸೂಜಿ, ಮಾತ್ರೆ. ಇದ್ರಲ್ಲಿ ಯಾವುದು ಜಾಸ್ತಿ ಕೆಲಸ ಮಾಡುತ್ತೆ?

ಯಾರ ಸಹಾಯವೂ ಇಲ್ಲದೆ ಬಿಡಲು ಹೊರಟ ನೂರು ಜನರಲ್ಲಿ ಆರು ತಿಂಗಳು, ವರ್ಷದ ಹೊತ್ತಿಗೆ ಬಿಟ್ಟೇ ಉಳಿದವರು ಮೂರರಿಂದ ಐದು ಮಂದಿ. ನಿಕೋಟಿನ್ ಗಮ್, ಪ್ಯಾಚ್‌ಗಳು ಯಶಸ್ಸನ್ನು ಒಂದೂವರೆ ಪಟ್ಟು ಮಾಡುತ್ತವೆ. ಪ್ಯಾಚ್ ಮತ್ತು ಗಮ್ ಎರಡೂ ಸೇರಿದರೆ ಇನ್ನೂ ಮೇಲು. ವೆರೆನಿಕ್ಲಿನ್ ಮಾತ್ರೆ ಎರಡು ಪಟ್ಟಿಗೂ ಮೀರಿ ಹೆಚ್ಚಿಸುತ್ತದೆ. ಬುಪ್ರೊಪಿಯಾನ್ ಎಂಬ ಇನ್ನೊಂದು ಮಾತ್ರೆಯೂ ಇದೆ, ಫಿಟ್ಸ್ ಇದ್ದವರಿಗೆ ಅದು ಆಗದು. ಮಾತ್ರೆಗಳನ್ನು ವೈದ್ಯರು ಬರೆದುಕೊಟ್ಟೇ ತಗೊಳ್ಳಬೇಕು. ಸೂಜಿಗೆ ಇಷ್ಟು ಪಟ್ಟು ಎಂದು ಹೇಳುವಂಥ ಲೆಕ್ಕ ಇಲ್ಲ. ನಾನು ಸೂಜಿ ಹಾಕುವವಳಾಗಿಯೇ ಹೇಳುತ್ತಿದ್ದೇನೆ: ಗಮ್, ಸೂಜಿ ಇವೆರಡರಲ್ಲಿ ಒಂದಕ್ಕೆ ಮಾತ್ರ ನಿಮ್ಮ ಹತ್ತಿರ ದುಡ್ಡಿದ್ದರೆ ಗಮ್ಮಿಗೆ ಹಾಕಿ.

ಪ್ಯಾಕಿನ ಮೇಲೆ ನಂಬರ್ ಇರುತ್ತಲ್ಲ, ಫೋನ್ ಮಾಡಿದ್ರೆ ಬೈತಾರಾ?

ಯಾರೂ ಬೈಯುವುದಿಲ್ಲ. 1800-11-2356 ಉಚಿತ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಕೇಂದ್ರದವರು ಕನ್ನಡದಲ್ಲೇ ಮಾತಾಡುತ್ತಾರೆ. ದಿನಕ್ಕೆ ಎಷ್ಟು ಸೇದುತ್ತೀರಿ, ಹಿಂದೆ ಯಾವಾಗ ಬಿಡಲು ನೋಡಿದ್ದಿರಿ, ಯಾಕೆ ಮತ್ತೆ ಶುರುವಾಯಿತು ಎಂದು ಕೇಳಿ, ಬಿಡುವ ದಿನ ಗೊತ್ತುಮಾಡಿಕೊಡುತ್ತಾರೆ. ಆಮೇಲೆ ಅವರಾಗಿಯೇ ಫೋನ್ ಮಾಡಿ ವಿಚಾರಿಸುತ್ತಾರೆ. ಮೊಬೈಲಿಗೆ ಮೆಸೇಜು ಬರುವ ವ್ಯವಸ್ಥೆ ಬೇಕಾದರೆ 011-22901701ಕ್ಕೆ ಮಿಸ್ಡ್ ಕಾಲ್ ಕೊಡಿ. ಜಿಲ್ಲಾ ಆಸ್ಪತ್ರೆಯಲ್ಲಿ ತಂಬಾಕು ವ್ಯಸನಮುಕ್ತಿ ಕೇಂದ್ರ ಎಲ್ಲಿದೆ ಎಂದು ಹೊರರೋಗಿ ಚೀಟಿ ಕೊಡುವಲ್ಲೇ ಕೇಳಬಹುದು. ಸೂಜಿಗೆ ಬರುವವರನ್ನೂ ನಾನು ಈ ನಂಬರಿಗೆ ಫೋನ್ ಮಾಡಿಸಿಯೇ ಶುರುಮಾಡುವುದು.

ಇ-ಸಿಗರೇಟಿಗೆ ಬದಲಾಯಿಸ್ಕೊಂಡ್ರೆ?

ನಮ್ಮ ದೇಶದಲ್ಲಿ 2019ರಿಂದ ಅದರ ತಯಾರಿಕೆ, ಮಾರಾಟ, ಆಮದು, ಜಾಹೀರಾತು ಎಲ್ಲಕ್ಕೂ ನಿಷೇಧವಿದೆ. ಕದ್ದು ಮಾರುವುದರ ಒಳಗೆ ಏನಿದೆ ಎಂದು ಯಾರೂ ಹೊಣೆ ಹೊರುವುದಿಲ್ಲ. ಬೇಡ.

## ಹಾಕಿಸಿಕೊಳ್ಳುವ ಮೊದಲು ಎಚ್ಚರ

ಯಾರ ಹತ್ರ ಹಾಕಿಸ್ಕೊಳ್ಳೋದು? ಬೋರ್ಡ್ ನೋಡಿದ್ರೆ ಎಲ್ಲರೂ ಡಾಕ್ಟ್ರೇ.

ಕೇಂದ್ರ ಆರೋಗ್ಯ ಸಚಿವಾಲಯ 2019ರಲ್ಲಿ ಆಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿ ಎಂದು ಗುರುತಿಸಿತು. ಹಾಗೆಂದು ವಾರಾಂತ್ಯದ ಕೋರ್ಸು ಮಾಡಿದವರೆಲ್ಲ ವೈದ್ಯರಾಗುವುದಿಲ್ಲ. ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಐದೂವರೆ ವರ್ಷದ ಪದವಿಯಾದ ಬಿಎನ್‌ವೈಎಸ್ ಓದಿದವರಿಗೆ ಪಠ್ಯದಲ್ಲೇ ಆಕ್ಯುಪಂಕ್ಚರ್ ಇರುತ್ತದೆ, ರಾಜ್ಯದಲ್ಲಿ ಅವರ ನೋಂದಣಿಯೂ ಆಗಿರುತ್ತದೆ. ಎಂಬಿಬಿಎಸ್ ಮಾಡಿ ಆಮೇಲೆ ಇದನ್ನು ಕಲಿತವರೂ ಇದ್ದಾರೆ. ಯಾರೇ ಇರಲಿ, ನೋಂದಣಿ ಸಂಖ್ಯೆ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಎದ್ದು ಬನ್ನಿ.

ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಹರಿಯಬೇಕು. ಅದರ ಮೇಲೆ ಸ್ಟೆರೈಲ್, ಒಂದೇ ಬಾರಿ ಬಳಕೆಗೆ ಎಂದಿರಬೇಕು, ಅವಧಿ ಮುಗಿದಿರಬಾರದು. ಕಿವಿಯನ್ನು ಸ್ಪಿರಿಟ್‌ನಲ್ಲಿ ಒರೆಸಬೇಕು. ತೆಗೆದ ಸೂಜಿಗಳನ್ನು ಎಣಿಸಿ ಗಟ್ಟಿ ಡಬ್ಬಿಗೆ ಹಾಕಬೇಕು. ಸ್ಟೀಲ್ ಟ್ರೇಯಲ್ಲಿ ನೆನೆಸಿಟ್ಟ ಸೂಜಿ ಎತ್ತಿಕೊಂಡರೆ ಅಲ್ಲಿ ಕೂರಬೇಡಿ. ಹೆಪಟೈಟಿಸ್ ಬಿ ಹರಡುವುದು ಇಂಥ ಕಡೆಯೇ.

ಶುಗರ್ ಇದೆ, ರಕ್ತ ತೆಳು ಮಾಡೋ ಮಾತ್ರೆನೂ ತಗೋತೀನಿ. ಹಾಕಿಸ್ಬೋದಾ?

ಮೊದಲು ಹೇಳಿ, ಆಮೇಲೆ ಮಲಗಿ. ವಾರ್ಫರಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ, ರಕ್ತ ಬೇಗ ಹೆಪ್ಪುಗಟ್ಟದ ಕಾಯಿಲೆ ಇರುವವರಿಗೆ ಸೂಜಿಗಿಂತ ಒತ್ತುವ ಕಾಳು ಕ್ಷೇಮ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಕರೆಂಟ್ ಹಾಯಿಸುವ ವಿಧಾನ ಬೇಡವೇ ಬೇಡ. ಬಸುರಿಯರಿಗೆ ಕೆಲವು ಬಿಂದುಗಳನ್ನು ಮುಟ್ಟುವುದಿಲ್ಲ, ಅವರು ಪ್ರಸೂತಿ ವೈದ್ಯರನ್ನು ಕೇಳದೆ ಗಮ್, ಮಾತ್ರೆಗಳನ್ನೂ ಶುರುಮಾಡಬಾರದು.

ಶುಗರ್ ಇರುವವರು ದಿನಗಟ್ಟಲೆ ಕಿವಿಯಲ್ಲೇ ಬಿಟ್ಟು ಕಳಿಸುವ ಪಿನ್ನು ಹಾಕಿಸಿಕೊಳ್ಳಬೇಡಿ. ಕಿವಿಯ ಮೃದ್ವಸ್ಥಿಗೆ ನೇರ ರಕ್ತನಾಳಗಳಿಲ್ಲ. ಅಲ್ಲಿ ಕೀವಾದರೆ ಬೇಗ ವಾಸಿಯಾಗುವುದಿಲ್ಲ, ಕಿವಿಯ ಆಕಾರವೇ ಮುದುಡಬಹುದು. ಸೂಜಿ ಹಾಕಿದ ಮೇಲೆ ಕಿವಿ ಕೆಂಪಗೆ ಊದಿ, ಮುಟ್ಟಿದರೆ ನೋವಾಗಿ ಜ್ವರ ಬಂದರೆ ಕಾಯದೆ ಇಎನ್‌ಟಿ ವೈದ್ಯರಿಗೆ ತೋರಿಸಿ.

ಬೆಂಗಳೂರಲ್ಲಿ ಲೇಸರ್ ಒಂದೇ ಸಿಟ್ಟಿಂಗ್, ಗ್ಯಾರಂಟಿ ಅಂತ ಹಾಕಿದ್ರು. ಹೋಗ್ಲಾ?

ಗ್ಯಾರಂಟಿ ಎಂಬ ಮಾತು ಕಂಡ ಕಡೆ ಹೋಗಬೇಡಿ. ಲೇಸರಿಗೆ ಸೂಜಿಗಿಂತಲೂ ಆಧಾರ ಕಡಿಮೆ.

## ಇನ್ನೂ ಆಳಕ್ಕೆ ಕೇಳುವವರಿಗೆ

ಇದು ನರದ ಮೇಲೆ ಕೆಲಸ ಮಾಡುತ್ತಾ, ಇಲ್ಲ ಬರೀ ನಂಬಿಕೆನಾ?

ಕಿವಿಯ ಒಂದು ಭಾಗಕ್ಕೆ ವೇಗಸ್ ನರದ ಕವಲು ಬರುತ್ತದೆ. ಹೃದಯದ ಬಡಿತ, ಜೀರ್ಣಕ್ರಿಯೆ, ಮೈಯ ಶಾಂತ ಸ್ಥಿತಿಗೆ ಸಂಬಂಧಪಟ್ಟ ನರ ಅದು. ಸೂಜಿ ಚುಚ್ಚಿದಾಗ ಮಿದುಳಿನಲ್ಲಿ ನೋವು ತಗ್ಗಿಸುವ ಎಂಡಾರ್ಫಿನ್ ಎಂಬ ರಾಸಾಯನಿಕ ಬಿಡುಗಡೆಯಾಗುವುದನ್ನೂ ನೋವಿನ ಮೇಲಿನ ಸಂಶೋಧನೆಗಳು ತೋರಿಸಿವೆ. ಮೈ ಹಗುರಾಗುವುದಕ್ಕೆ ಇವು ಕಾರಣವಿರಬಹುದು. ಅಲ್ಲಿಂದ "ಆದ್ದರಿಂದ ಸಿಗರೇಟು ಬಿಡುತ್ತೆ" ಎನ್ನುವಷ್ಟು ದೂರ ಹಾರಲಾಗದು.

ಪ್ರಯೋಗಗಳಲ್ಲಿ ಒಂದು ಗುಂಪಿಗೆ ಸರಿಯಾದ ಬಿಂದುವಿಗೆ, ಇನ್ನೊಂದು ಗುಂಪಿಗೆ ಸಂಬಂಧವಿಲ್ಲದ ಜಾಗಕ್ಕೆ ಸೂಜಿ ಹಾಕುತ್ತಾರೆ. ಚುಚ್ಚಿದಂತೆ ಕಂಡು ಹಿಡಿಯೊಳಗೆ ಸರಿದುಹೋಗುವ ಡಮ್ಮಿ ಸೂಜಿಯೂ 1998ರಿಂದ ಬಳಕೆಯಲ್ಲಿದೆ. ಎರಡೂ ಗುಂಪಿನವರಿಗೆ ಹೆಚ್ಚುಕಡಿಮೆ ಒಂದೇ ಫಲ ಬಂದರೆ, ಬಿಂದುವಿನ ಮಹಿಮೆಗಿಂತ ಆ ಗಮನ, ಆ ವಿಶ್ರಾಂತಿ, ಬಿಡಬೇಕೆಂಬ ನಿರೀಕ್ಷೆ ಕೆಲಸ ಮಾಡಿತು ಎಂದೇ ಅರ್ಥ. ಇದನ್ನು ಹೇಳಿದರೆ ನನ್ನ ವೃತ್ತಿಯ ಕೆಲವರಿಗೆ ಬೇಸರವಾಗುತ್ತದೆ. ಆದರೆ ಎದೆ ಹಿಡಿದುಕೊಂಡು ಬಂದವರಿಗೆ ಗೊತ್ತಿದ್ದದ್ದನ್ನು ಮುಚ್ಚಿಟ್ಟು ಸೂಜಿ ಹಾಕಲು ನನಗಾಗುವುದಿಲ್ಲ.

ಬಿಟ್ಮೇಲೆ ಬೇರೆ ಕಾಯಿಲೆ ಮಾತ್ರೆಗಳ ಡೋಸ್ ಬದಲಾಗುತ್ತಂತೆ, ನಿಜಾನಾ?

ನಿಜ, ಇದನ್ನು ಹೆಚ್ಚಿನವರು ಹೇಳುವುದೇ ಇಲ್ಲ. ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕಾಗಿಸಿ ಕೆಲವು ಔಷಧಿಗಳನ್ನು ಬೇಗ ಕರಗಿಸುತ್ತವೆ. ಬಿಟ್ಟಾಗ ಆ ಕಿಣ್ವ ನಿಧಾನವಾಗಿ, ಅದೇ ಡೋಸು ರಕ್ತದಲ್ಲಿ ಹೆಚ್ಚಾಗಿ ನಿಲ್ಲುತ್ತದೆ. ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್, ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪಿನ್, ಒಲಾಂಜಪಿನ್ ಈ ಪಟ್ಟಿಯಲ್ಲಿವೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಶುಗರ್ ಇಳಿಯುವ ಸಾಧ್ಯತೆ ಇದೆ, ಪದೇ ಪದೇ ಪರೀಕ್ಷಿಸಿ. ಆ ಕಿಣ್ವವನ್ನು ಚುರುಕಾಗಿಸುವುದು ಹೊಗೆ, ನಿಕೋಟಿನ್ ಅಲ್ಲ. ಹಾಗಾಗಿ ಗಮ್ ಅಗಿಯುತ್ತಿದ್ದರೂ ಬದಲಾವಣೆ ಆಗಿಯೇ ಆಗುತ್ತದೆ. ಬಿಡುವ ತಾರೀಕನ್ನು ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ಮುಂಚೆಯೇ ತಿಳಿಸಿ.

ಕಾಫಿ, ಟೀಯಲ್ಲಿರುವ ಕೆಫೀನೂ ಹೀಗೇ. ಮೊದಲಿನಷ್ಟೇ ಕುಡಿದರೂ ಎದೆ ಡವಡವ ಅನ್ನುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ, ಜನ ಅದನ್ನು ಸಿಗರೇಟು ಬಿಟ್ಟದ್ದರ ಕಾಟ ಅಂದುಕೊಳ್ಳುತ್ತಾರೆ. ಬಿಟ್ಟ ದಿನದಿಂದ ಅರ್ಧಕ್ಕೆ ಇಳಿಸಿ.

ಎಂಟು ತಿಂಗಳು ಬಿಟ್ಟಿದ್ದೆ. ಬೀಗರ ಮನೆ ಮದುವೇಲಿ ಒಂದು ಸೇದ್ಬಿಟ್ಟೆ. ಮತ್ತೆ ಮೊದಲಿಂದ ಸೂಜಿ ಹಾಕಿಸ್ಬೇಕಾ?

ಬೇಕಿಲ್ಲ. ಎಂಟು ತಿಂಗಳು ಎಲ್ಲಿಗೂ ಹೋಗಿಲ್ಲ. ಮಿಕ್ಕ ಪ್ಯಾಕು ಬಿಸಾಡಿ, ಈವತ್ತೇ ನಿಲ್ಲಿಸಿ, ಎರಡು ವಾರ ಗಮ್ ಹತ್ತಿರ ಇಟ್ಟುಕೊಳ್ಳಿ. ಯಾರು ಕೊಟ್ಟರು, ಕೈಯಲ್ಲಿ ಲೋಟ ಇತ್ತಾ, ಯಾವ ಮಾತು ನಡೆಯುತ್ತಿತ್ತು ಎಂದು ಬರೆದಿಡಿ. ಮುಂದಿನ ಮದುವೆಗೆ ಅದು ಕೆಲಸಕ್ಕೆ ಬರುತ್ತದೆ. ಬಹಳ ಜನ ಮೂರ್ನಾಲ್ಕು ಸಲ ಬಿಟ್ಟು ಹಿಡಿದ ಮೇಲೆಯೇ ಪೂರ್ತಿ ಬಿಟ್ಟಿರುವುದು.

ಅಪ್ಪ ಕೆಜಿಎಫ್ ಗಣಿಯಲ್ಲಿ ಇದ್ದವರು, ಈಗ ಅರವತ್ತು ದಾಟಿದೆ, ಕೆಮ್ಮು. ಈ ವಯಸ್ಸಲ್ಲಿ ಬಿಟ್ಟು ಏನು ಪ್ರಯೋಜನ?

ತುಂಬಾ ಪ್ರಯೋಜನ. ಬ್ರಿಟನ್ನಿನ ವೈದ್ಯರನ್ನೇ 50 ವರ್ಷ ಹಿಂಬಾಲಿಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. 30ರಲ್ಲಿ ಬಿಟ್ಟವರಿಗೆ ಸುಮಾರು 10 ವರ್ಷ, 40ರಲ್ಲಿ 9, 50ರಲ್ಲಿ 6, 60ರಲ್ಲಿ ಬಿಟ್ಟರೂ 3 ವರ್ಷ ಆಯಸ್ಸು ಉಳಿಯಿತು. ಸವೆದ ಶ್ವಾಸಕೋಶ ಹೊಸದಾಗುವುದಿಲ್ಲ, ಆದರೆ ಸವೆಯುವ ವೇಗ ತಗ್ಗುತ್ತದೆ.

ಗಣಿ 2001ರಲ್ಲಿ ಮುಚ್ಚಿದರೂ ಒಳಗೆ ಇಳಿದವರ ಎದೆಯಲ್ಲಿ ಕಲ್ಲಿನ ಧೂಳು ಉಳಿದಿರಬಹುದು. ಆ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಯಾದ ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಂಭವ ಹೆಚ್ಚು, ಅದರ ಮೇಲೆ ಬೀಡಿಯೂ ಸೇರಿದರೆ ಇನ್ನೂ ಹೆಚ್ಚು. ಬಿಟ್ಟ ಮೊದಲ ವಾರಗಳಲ್ಲಿ ಕೆಮ್ಮು, ಕಫ ಸ್ವಲ್ಪ ಜಾಸ್ತಿಯಾಗುವುದುಂಟು, ಉಸಿರುನಾಳದೊಳಗಿನ ಸಣ್ಣ ರೋಮಗಳು ಮತ್ತೆ ಕೆಲಸ ಶುರುಮಾಡಿ ಕಸ ಹೊರಹಾಕುತ್ತವೆ. ಆದರೆ ಅಪ್ಪನ ಕೆಮ್ಮು ಈಗಾಗಲೇ ಎರಡು ವಾರ ದಾಟಿದ್ದರೆ, ಸಂಜೆ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ ಇದ್ದರೆ ನನ್ನ ಹತ್ತಿರ ಸೂಜಿಗೆ ಕರೆತರಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ, ಎದೆಯ ಎಕ್ಸ್‌ರೇ ಮಾಡಿಸಿ. ಕ್ಷಯದ ಕಫ ಪರೀಕ್ಷೆಯೂ ಔಷಧಿಯೂ ಅಲ್ಲಿ ಉಚಿತ. ಗಣಿಯಲ್ಲಿ ಎಷ್ಟು ವರ್ಷ, ಯಾವ ಕೆಲಸ ಮಾಡಿದ್ದರು ಎಂಬುದನ್ನು ವೈದ್ಯರಿಗೆ ಮರೆಯದೆ ಹೇಳಿ, ಹಳೆಯ ಗುರುತಿನ ಚೀಟಿ ಇದ್ದರೆ ತೆಗೆದುಕೊಂಡು ಹೋಗಿ.